ಅರ್ಧ ಇಂಚು

ಮೊದಲು ಕಂಡುಹಿಡಿದದ್ದು ಡಾಕ್ಟರಲ್ಲ,
ಆನೆಬಾಗಿಲ ಹತ್ತಿರ ಬಟ್ಟೆ ಹೊಲಿಯುವ ಗಂಗೂಬಾಯಿ.
ಎಂಟನೇ ಕ್ಲಾಸಿನ ಯೂನಿಫಾರ್ಮಿಗೆ ಅಳತೆ ಕೊಡುತ್ತ ನಿಂತಿದ್ದೆ.
ಟೇಪು ಬಲ ಭುಜದಿಂದ ಇಳಿಯಿತು, ಎಡ ಭುಜದಿಂದ ಇಳಿಯಿತು,
ಮತ್ತೆ ಬಲಕ್ಕೆ ಹೋಯಿತು.
ಗುಂಡುಸೂಜಿ ಕಚ್ಚಿದ ಬಾಯಲ್ಲೇ ಅಂದಳು:
"ನೆಟ್ಟಗೆ ನಿಲ್ಲವ್ವ."
ನಾನು ನೆಟ್ಟಗೇ ನಿಂತಿದ್ದೆ.

ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದಳು,
ಅದರ ಕೆಳಗೆ ಅರ್ಧ ಇಂಚಿಗೆ ಇನ್ನೊಂದು.
ಅಮ್ಮನಿಗೆ ಏನೂ ಹೇಳಲಿಲ್ಲ.
ಆ ವರ್ಷ ನನ್ನ ಚೂಡಿದಾರ ಬಲಗಡೆ ಉದ್ದ ಇತ್ತು,
ಅದಕ್ಕೇ ಸರಿಯಾಗಿ ಕಾಣುತ್ತಿತ್ತು.

ಯುಗಾದಿಯ ಎಣ್ಣೆಸ್ನಾನಕ್ಕೆ ತಲೆ ಬಗ್ಗಿಸಿ ಕೂತಾಗ
ನೀರು ಹುಯ್ಯುತ್ತಿದ್ದ ಅಮ್ಮನ ಚೊಂಬು ಅರ್ಧಕ್ಕೇ ನಿಂತಿತು.
ಬೆನ್ನಿನ ಬಲಕ್ಕೆ ದಿಬ್ಬ.
ನೀರೆಲ್ಲ ಎಡಕ್ಕೇ ಹರಿದು ಹೋಗುತ್ತಿತ್ತು.

ದಾವಣಗೆರೆಯ ಆಸ್ಪತ್ರೆಯಲ್ಲಿ, ಬೆಳಕಿನ ಪೆಟ್ಟಿಗೆಯ ಮೇಲೆ
ನನ್ನನ್ನು ನೇತುಹಾಕಿದರು, ಕಪ್ಪುಬಿಳುಪಿನಲ್ಲಿ.
ಡಾಕ್ಟರು ಸ್ಕೇಲಿಟ್ಟು ಮೇಲೊಂದು ಗೆರೆ, ಕೆಳಗೊಂದು ಗೆರೆ ಹಾಕಿ
ನಡುವಿನ ಕೋನ ಅಳೆದರು: ಮೂವತ್ನಾಲ್ಕು ಡಿಗ್ರಿ.
ಬರೀ ಬಾಗಿಲ್ಲ, ತಿರುಚಿಕೊಂಡೂ ಇದೆ, ಎಂದು
ಒದ್ದೆ ಟವೆಲು ಹಿಂಡುವ ಹಾಗೆ ಕೈ ತಿರುವಿ ತೋರಿಸಿದರು.
ಸ್ಕೋಲಿಯೋಸಿಸ್. ನಾನು ಮನಸ್ಸಿನಲ್ಲೇ ನಾಲ್ಕು ಸಲ ಹೇಳಿಕೊಂಡೆ,
ಪರೀಕ್ಷೆಗೆ ಬರಬಹುದೇನೋ ಎನ್ನುವಂತೆ.

"ಎಡ ಸೊಂಟದ ಮ್ಯಾಲೇ ಎತ್ಕಂಡು ಸಾಕಿದೆ ಸಾರ್, ಮೂರು ವರ್ಷ."
ಅದರಿಂದಲ್ಲಮ್ಮ.
"ಸ್ಕೂಲ್ ಬ್ಯಾಗು?"
ಅದರಿಂದಲೂ ಅಲ್ಲ.
"ಮತ್ತೆ ಯಾತರಿಂದ?"
ಗೊತ್ತಿಲ್ಲ ಅಂದರು. ಗೊತ್ತಿಲ್ಲ ಅನ್ನುವುದಕ್ಕೂ
ಒಂದು ಉದ್ದನೆಯ ಇಂಗ್ಲಿಷು ಹೆಸರಿತ್ತು, ಚೀಟಿಯಲ್ಲಿ ಬರೆದುಕೊಟ್ಟರು.

ಬಸ್ಸು ಹತ್ತುವ ಮುಂಚೆ ಮಂಡಕ್ಕಿ ಮೆಣಸಿನಕಾಯಿ ಕೊಡಿಸಿದಳು.
ಎಕ್ಸ್‌ರೇ ಕವರಿನ ಮೇಲೆ ಎಣ್ಣೆಯ ಕಲೆ, ಇವತ್ತಿಗೂ ಇದೆ.
ಭರಮಸಾಗರ ದಾಟುವವರೆಗೂ ಮಾತಿಲ್ಲ.
ಅವಳು ಡಾಕ್ಟರನ್ನು ನಂಬಲಿಲ್ಲ.
ಮಾರನೇ ಬೆಳಗ್ಗೆಯಿಂದ ನಲ್ಲಿಯ ಕೊಡ
ಬಲ ಸೊಂಟಕ್ಕೆ ಬಂತು. ಇಪ್ಪತ್ತು ವರ್ಷವಾಯಿತು,
ಆ ಕಡೆ ಅವಳಿಗೆ ಇನ್ನೂ ಅಭ್ಯಾಸವಾಗಿಲ್ಲ. ತುಳುಕುತ್ತದೆ.

ಆಮೇಲೆ ಪ್ಲಾಸ್ಟಿಕ್ಕಿನ ಕವಚ, ದಿನಕ್ಕೆ ಹದಿನೆಂಟು ಗಂಟೆ.
ದುರ್ಗದ ಏಪ್ರಿಲ್ಲು, ಬಂಡೆಗಳು ರಾತ್ರಿ ಹತ್ತಾದರೂ ತಣಿಯದ ಊರು,
ಒಳಗಿನ ಬನಿಯನ್ನು ಹಿಂಡಿದರೆ ಅರ್ಧ ಲೋಟ ನೀರು.
ಪಕ್ಕದ ಬೆಂಚಿನ ಗುಲ್ನಾಜ್ ಬೆರಳು ಮಡಿಚಿ
ನನ್ನ ಹೊಟ್ಟೆಯ ಮೇಲೆ ಟಕಟಕ ಬಡಿದಳು:
"ಒಳಗೆ ಯಾರಾದ್ರೂ ಇದೀರಾ?"
ಇದೀನಿ, ಅಂದೆ.
ಆ ಎರಡು ವರ್ಷದಲ್ಲಿ ಅಷ್ಟು ನಕ್ಕದ್ದು ಅವತ್ತೊಂದೇ ದಿನ.

ಕೋಟೆಯ ಬಾಗಿಲುಗಳನ್ನು ಬೇಕಂತಲೇ ಸೊಟ್ಟಗಿಟ್ಟರಂತೆ,
ವೈರಿಯ ಆನೆ ಓಡಿಬಂದು ಗುದ್ದದಿರಲೆಂದು.
"ನಿನ್ನ ಬೆನ್ನೂ ಹಂಗೇ ಕಣೇ" ಅಂದ ಸೋದರಮಾವ.
ಮಾತು ಚೆನ್ನಾಗಿದೆ.
ಆದರೆ ನನ್ನನ್ನು ಯಾರೂ ಯೋಚಿಸಿ ತಿರುವಲಿಲ್ಲ ಮಾವ,
ಕೋಟೆಗೆ ಸಂಜೆ ನಾಲ್ಕಕ್ಕೆ ಸೊಂಟ ಹಿಡಿಯುವುದಿಲ್ಲ.

ಮೂವತ್ತಾರಕ್ಕೆ ನಿಂತಿತು.
ನೆಟ್ಟಗಾಗಲಿಲ್ಲ. ನಿಂತಿತು.
ಈಗ ಸರ್ವೆ ಆಫೀಸಿನಲ್ಲಿ ಕೆಲಸ. ದಿನವಿಡೀ ಹೊಲಗಳ ನಕ್ಷೆ,
ಹಳ್ಳ ಬಂದಲ್ಲಿ ಬಾಗಿದ ಬದು, ಯಾರೂ ತಕರಾರು ಮಾಡದ ಬದು.
ಗಂಟೆಗೊಮ್ಮೆ ಎದ್ದು ನಿಲ್ಲುತ್ತೇನೆ,
ಗೋಡೆಗೆ ಅಂಗೈ ಊರಿ ಪಕ್ಕೆ ಹಿಗ್ಗಿಸಿ ಉಸಿರೆಳೆಯುತ್ತೇನೆ,
ಕುಗ್ಗಿದ ಎಡಗಡೆಗೆ, ಅಲ್ಲಿಗೂ ಗಾಳಿ ಹೋಗಲಿ ಅಂತ.
ಹೊಸಬರು ಯಾಕೆ ಅನ್ನುತ್ತಾರೆ. ಕೆಲವರಿಗೆ ಹೇಳುತ್ತೇನೆ.
ಕೆಲವು ದಿನ ಹೇಳುವುದಕ್ಕೂ ಬೇಜಾರು.

ಹೋದ ತಿಂಗಳು ತಮ್ಮನ ಮದುವೆಯ ರವಿಕೆಗೆ
ಗಂಗೂಬಾಯಿಯ ಹತ್ತಿರ ಹೋದೆ. ಕಣ್ಣು ಮಂಜಾಗಿದೆ,
ಸೂಜಿಗೆ ದಾರ ಮೊಮ್ಮಗ ಪೋಣಿಸಿಕೊಡುತ್ತಾನೆ.
ಬೆರಳಿಗೆ ಮಾತ್ರ ನನ್ನ ಬೆನ್ನು ಗುರುತಿದೆ.
ಟೇಪು ಬಲದಿಂದ ಇಳಿಯಿತು, ಎಡದಿಂದ ಇಳಿಯಿತು.
"ಅರ್ಧ ಅಲ್ಲ, ಈಗ ಮುಕ್ಕಾಲು" ಅಂದಳು,
ಮಗುವಿನ ತೂಕ ಹೇಳುವ ಹಾಗೆ.
ನಾನು ಅಭ್ಯಾಸಬಲದಿಂದ ಭುಜ ಸರಿಮಾಡಿಕೊಳ್ಳಹೋದೆ.

"ಹೆಂಗ್ ನಿಂತೀಯೋ ಹಂಗೇ ನಿಲ್ಲವ್ವ,
ಅಲ್ಲಾಡಬ್ಯಾಡ, ಗೆರೆ ತಪ್ಪತೈತೆ."